ಕಸ್ತೂರೆವ್ವ ಬಿಡಿಸಿದ ಖುರಾಕು

ನಮ್ಮಪ್ಪ ಕುಸ್ತಿ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಕುಸ್ತಿಯ ಊಟ ಮಾತ್ರ ಬಿಟ್ಟಿರಲಿಲ್ಲ. ಇದು ನಮ್ಮೂರು ಪಾಲಬಾವಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಇದರಲ್ಲಿ ಏನೋ ಎಡವಟ್ಟಿದೆ ಎಂದು ಊರಲ್ಲಿ ಒಬ್ಬರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅನಿಸಿದ್ದು ನಮ್ಮವ್ವ ಕಸ್ತೂರೆವ್ವನೊಬ್ಬಳಿಗೆ, ಅದೂ ತಡವಾಗಿ, 1988ರ ಬೇಸಿಗೆಯಲ್ಲಿ. ಅವಳ ಬಗ್ಗೆ ಬರೆಯಬೇಕೆಂದು ಕೂತರೆ ಮೊದಲು ಅಪ್ಪನ ಹೊಟ್ಟೆಯೇ ಕಣ್ಣ ಮುಂದೆ ಬರುತ್ತದೆ, ಏನು ಮಾಡಲಿ.

ಅಪ್ಪ ಎಂದರೆ ರಾವಸಾಹೇಬ ಪೈಲ್ವಾನ. ಹದಿನೇಳನೆಯ ವಯಸ್ಸಿಗೆ ಚಿಕ್ಕೋಡಿಯ ಒಂದು ಗರಡಿಮನೆ ಸೇರಿ ಹದಿಮೂರು ವರ್ಷ ಅಲ್ಲಿಯ ಕೆಂಪು ಮಣ್ಣಲ್ಲಿ ಉರುಳಾಡಿದವನು. ಗರಡಿಯ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಹುಡುಗನ ಮೈ ನೋಡಿ, ಅವನು ಏನು ತಿನ್ನಬೇಕು, ಎಷ್ಟು ತಿನ್ನಬೇಕು, ಯಾವಾಗ ತಿನ್ನಬೇಕು ಎಂದು ವಸ್ತಾದ ಹೇಳಿದ್ದೇ ಅವನ ಖುರಾಕು. ಅದರಲ್ಲಿ ಹೆತ್ತ ತಾಯಿಯ ಮಾತೂ ನಡೆಯುವುದಿಲ್ಲ. ಅಪ್ಪನಿಗೆ ಇಮಾಮಸಾಬ ವಸ್ತಾದರು ಹಾಕಿಕೊಟ್ಟ ಖುರಾಕು ಹೀಗಿತ್ತು. ಎದ್ದ ಕೂಡಲೆ ಇಪ್ಪತ್ತು ಬದಾಮು, ಒಂದಿಷ್ಟು ಖಸಖಸಿ ಅರೆದು ಹಾಲಿಗೆ ಕಲಸಿದ ಥಂಡಾಯಿ. ಒಂಬತ್ತಕ್ಕೆ ಒಂದು ಚರಗಿ, ಅಂದರೆ ದೊಡ್ಡ ತಂಬಿಗೆ ತುಂಬ, ಎಮ್ಮೆ ಹಾಲು, ಅದರ ಮೇಲೊಂದು ಸೌಟು ತುಪ್ಪ. ಮಧ್ಯಾಹ್ನ ಆರು ಗೋದಿ ಚಪಾತಿ, ತುಪ್ಪದಲ್ಲಿ ತೇಲುವ ಬೇಳೆ, ಬೆಲ್ಲದ ಸಜ್ಜಕ. ಸಂಜೆ ಮತ್ತೊಂದು ಚರಗಿ ಹಾಲು.

ಬೆಳಗಿನ ನಾಲ್ಕಕ್ಕೆ ಎದ್ದು ಐದುನೂರು ದಂಡ, ಸಾವಿರ ಬೈಠಕ ಹೊಡೆಯುವ ಹುಡುಗನಿಗೆ ಇದು ಸರಿ. ಆದರೆ 1968ರಲ್ಲಿ ಮೊಣಕಾಲು ಕೈಕೊಟ್ಟು ಅಪ್ಪ ಊರಿಗೆ ಬಂದುಬಿಟ್ಟ. ಆಮೇಲೆ ಅವನು ಮಾಡುತ್ತಿದ್ದ ಕಸರತ್ತೆಂದರೆ ಕಬ್ಬಿನ ಹೊಲದ ಬದುವಿನ ಮೇಲೆ ನಿಂತು ಆಳುಗಳನ್ನು ಬೈಯುವುದು. ಅದಕ್ಕೆ ಇಪ್ಪತ್ತು ಬದಾಮು ಬೇಕೇ, ಹೇಳಿ. ನಾನು ಹುಟ್ಟಿದ್ದು ಅವನು ಕುಸ್ತಿ ಬಿಟ್ಟ ಮೂರು ವರ್ಷಕ್ಕೆ. ಹಾಗಾಗಿ ಪೈಲ್ವಾನನೆಂದರೆ ಮಾವಿನ ಮರದ ಕೆಳಗೆ ಹೊರಸಿನ ಮೇಲೆ ಮಲಗಿ ಗೊರಕೆ ಹೊಡೆಯುವವನು ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಅವ್ವನ ತವರು ಅಥಣಿ ಕಡೆಯ ಕೊಕಟನೂರ. ಕುಳ್ಳಗೆ, ಕಪ್ಪಗೆ, ಸದಾ ಏನಾದರೊಂದು ಮಾತಾಡುತ್ತಲೇ ಇರುವ ಹೆಣ್ಣು. ನಗು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಆದರೂ ನಗು ಅಂಗಳದವರೆಗೆ ಕೇಳುತ್ತಿತ್ತು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಅವಳಿಗೆ ಎರಡು ಎಮ್ಮೆಗಳನ್ನೂ ಬದಾಮು ಅರೆಯುವ ಕಲ್ಲನ್ನೂ ಒಪ್ಪಿಸಿದ್ದರಂತೆ. ಅಂದಿನಿಂದ ಒಂದು ದಿನ ತಪ್ಪದೆ ಆ ಕಲ್ಲಿನ ಮುಂದೆ ಕೂತಳು. ಅವಳಿಗೆ ಜಗಳ ಆಡುವುದು ಒಗ್ಗುತ್ತಿರಲಿಲ್ಲ. ಆದರೆ ಒಂದು ಕೆಲಸ ಆಗಬೇಕೆಂದು ಅವಳ ತಲೆಗೆ ಬಂತೆಂದರೆ ಹತ್ತು ದಾರಿ ಸುತ್ತಿಯಾದರೂ ಮಾಡಿಸಿಯೇ ಬಿಡುವಳು.

1988ರ ಮೇ ತಿಂಗಳಲ್ಲಿ ಅಪ್ಪ ಕಾಲುವೆಯ ಏರಿ ಹತ್ತುವಾಗ ಏದುಸಿರು ಬಂದು ಕುಕ್ಕರಿಸಿಬಿಟ್ಟ. ನಾಲ್ಕು ಜನ ಸೇರಿ ಎತ್ತಿನ ಗಾಡಿಗೆ ಹಾಕಿಕೊಂಡು ಬಂದರು. ನಾಲ್ವರಿಗೂ ಸೊಂಟ ಹಿಡಿಯಿತು. ಮರುದಿನ ರಾಯಬಾಗದ ಡಾಕ್ಟರ ಹತ್ತಿರ ಅವ್ವ, ನಾನು ಇಬ್ಬರೂ ಕರೆದುಕೊಂಡು ಹೋದೆವು. ಡಾಕ್ಟರು ತೆಳ್ಳಗಿನ ಮನುಷ್ಯ. ಬಿ.ಪಿ. ನೋಡಲು ಅಪ್ಪನ ತೋಳಿಗೆ ಸುತ್ತುವ ಪಟ್ಟಿ ಸಾಲದೆ ಹೋಯಿತು, ಒಳಗಿನಿಂದ ದೊಡ್ಡದನ್ನು ತರಿಸಿದರು. ರಕ್ತ ತಪಾಸಣೆಯನ್ನೂ ಮಾಡಿಸಿದರು.

“ಪೈಲ್ವಾನ್ರ, ಬಿ.ಪಿ. ಭಾಳ ಏರೇತಿ. ರಕ್ತದಾಗ ಕೊಬ್ಬು ತುಂಬೇತಿ. ಆ ಹಾಲು ತುಪ್ಪ ಎಲ್ಲಾ ಇವತ್ತಿಂದ ಬಂದ್ ಮಾಡ್ರಿ. ಗುಳಿಗಿ ತಗೋರಿ, ರೊಟ್ಟಿ, ಕಾಯಿಪಲ್ಲೆ ತಿನ್ರಿ, ದಿನಾ ನಡೀರಿ. ಇಲ್ಲಾಂದ್ರ ನಿಮ್ಮ ಎದಿ ಇನ್ನೊಂದ ವರ್ಷ ತಡಿಯೂದಿಲ್ಲ,” ಎಂದರು.

ಅವ್ವ ಬಸ್ಸಿನಲ್ಲಿ ಒಂದೂ ಮಾತಾಡಲಿಲ್ಲ. ಅವಳು ಮಾತಾಡದ ಪ್ರಯಾಣ ಅದೊಂದೇ ಇರಬೇಕು. ಅಪ್ಪ ಮಾತ್ರ ಊರು ಮುಟ್ಟುವವರೆಗೂ ಬೈಯುತ್ತಿದ್ದ. “ಆ ಡಾಕ್ಟರನ ತೂಕ ಎಷ್ಟ ಇದ್ದೀತು? ಒಂದ ಚೀಲ ಸಿಮೆಂಟ ಆಗೂದಿಲ್ಲ. ಅಂವನ ಮಾತ ಕೇಳಿ ನಾ ಹಾಲ ಬಿಡಲಿ?”

ಗುಳಿಗೆ ತಗೊಂಡ. ಹಾಲು ಬಿಡಲಿಲ್ಲ.

ಅವ್ವ ಮೊದಲು ತನ್ನ ಕೈಯಲ್ಲಿದ್ದ ಉಪಾಯಗಳನ್ನೆಲ್ಲ ಮಾಡಿ ನೋಡಿದಳು. ಹಾಲಿನ ಕೆನೆ ತೆಗೆದು ಕೊಟ್ಟಳು. ಅಪ್ಪ ಒಂದೇ ಗುಟುಕಿಗೆ, “ಕರೀ ಎಮ್ಮಿ ಹಾಲು. ಕೆನಿ ತಗದೀದಿ,” ಎಂದ. ಬದಾಮಿನಲ್ಲಿ ಅರ್ಧ ಶೇಂಗಾ ಸೇರಿಸಿ ಅರೆದಳು. ಅದನ್ನೂ ಹಿಡಿದುಬಿಟ್ಟ, ಮೂರು ದಿನ ಮಾತು ಬಿಟ್ಟ. ಒಂದು ಮಧ್ಯಾಹ್ನ ಚಪಾತಿಯ ಬದಲು ಜೋಳದ ರೊಟ್ಟಿ ಮಾಡಿ, ಜೊತೆಗೆ ಮೆಂತ್ಯದ ಪಲ್ಲೆ ಹಾಕಿ ಬಡಿಸಿದಳು. ರೊಟ್ಟಿ ನಮ್ಮ ಮನೆಯಲ್ಲಿ ಹೊಸದೇನಲ್ಲ. ನಾವು ಹೆಂಗಸರು, ಆಳುಗಳು ತಿನ್ನುತ್ತಿದ್ದುದು ಅದನ್ನೇ. ಅಪ್ಪ ತಾಟು ನೋಡಿದ, ಅವ್ವನ ಮುಖ ನೋಡಿದ.

“ವಸ್ತಾದರು ಗೋದಿ ಹೇಳ್ಯಾರ.”

“ಯಾವಾಗ ಹೇಳ್ಯಾರ್ರಿ?”

“ಐವತ್ತೈದರಾಗ.”

“ಈಗ ಎಂಬತ್ತೆಂಟು ಐತಿ.”

“ಅವರು ಬಿಡು ಅಂದಿಲ್ಲಲ್ಲ,” ಎಂದ ಅಪ್ಪ.

ನನಗೆ ಅಂದು ಎಷ್ಟು ಸಿಟ್ಟು ಬಂತೆಂದರೆ ತಾಟನ್ನು ಎತ್ತಿ ಎಮ್ಮೆಯ ಮುಂದೆ ಇಟ್ಟು ಬಂದೆ. ಐವತ್ತು ವರ್ಷದ ಗಂಡಸು, ಮೂವರು ಹೆಣ್ಣುಮಕ್ಕಳ ತಂದೆ, ಇಬ್ಬರು ಅಳಿಯಂದಿರ ಮಾವ. ಸಾಲೆಯ ಮಾಸ್ತರ ಹೇಳಲಿಲ್ಲವೆಂದು ಮನೆಗೆ ಹೋಗದೆ ಕೂತ ಹುಡುಗನ ಹಾಗೆ ಮಾತಾಡುತ್ತಾನಲ್ಲ! ಆದರೆ ಅವ್ವನಿಗೆ ಸಿಟ್ಟು ಬರಲಿಲ್ಲ. ಅವಳು ಒಲೆಯ ಮುಂದೆ ಕೂತು ಆ ಮಾತನ್ನು ತಿರುತಿರುಗಿ ಯೋಚಿಸಿದಳು ಅಂತ ಕಾಣುತ್ತದೆ. ಸಂಜೆ ನನ್ನನ್ನು ಕರೆದು, “ಅಕ್ಕವ್ವಾ, ನಿಮ್ಮಪ್ಪ ಹಟಾ ಮಾಡಾಕತ್ತಿಲ್ಲ ಬೇ. ಅಂವ ಖರೇನ ಹುಕುಮ್ ಪಾಲಸಾಕತ್ತಾನ,” ಎಂದಳು. ಹಾಕಿಕೊಟ್ಟವರೇ ಬಿಡಿಸಬೇಕು, ಬೇರೆ ಯಾರ ಕೈಲೂ ಆಗುವುದಿಲ್ಲ ಎಂದು ಅವಳಿಗೆ ಅಂದೇ ಖಾತ್ರಿಯಾಯಿತು.

ಆದರೆ ಅಪ್ಪ ವಸ್ತಾದರ ಮುಖ ನೋಡದೆ ಇಪ್ಪತ್ತು ವರ್ಷವಾಗಿತ್ತು. ಅದರ ಕತೆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕೊನೆಯ ಕುಸ್ತಿಯಲ್ಲಿ ಮೊಣಕಾಲು ಹೊರಳಿ ಅಪ್ಪ ಎರಡು ನಿಮಿಷಕ್ಕೆ ಚಿತ್ತಾದ. ಸುತ್ತ ಕೂತ ಜನ ಕೇಕೆ ಹಾಕಿದರು. ಗೆಲ್ಲಲಿ ಸೋಲಲಿ, ಕಣದಿಂದ ಎದ್ದವನು ಮೊದಲು ವಸ್ತಾದರ ಕಾಲು ಮುಟ್ಟಬೇಕು. ಅಪ್ಪ ಮುಟ್ಟಲಿಲ್ಲ. ಕುಂಟುತ್ತ ಹಿಂಬದಿಯಿಂದ ಹೊರಬಿದ್ದು, ಲಂಗೋಟಿಯ ಮೇಲೆ ಧೋತರ ಸುತ್ತಿಕೊಂಡು ಬಸ್ಸು ಹತ್ತಿಬಿಟ್ಟ. ನಾಚಿಕೆಗೆ ಓಡಿ ಬಂದವನು, ಓಡಿ ಬಂದದ್ದರ ನಾಚಿಕೆಗೆ ಮತ್ತೆ ಹೋಗಲಿಲ್ಲ.

ವಸ್ತಾದರು ಇದ್ದಾರೋ ಇಲ್ಲವೋ ಅದೂ ನಮಗೆ ಗೊತ್ತಿರಲಿಲ್ಲ. ಚಿಕ್ಕೋಡಿಯಿಂದ ಬಳೆ ಮಾರಲು ಬರುತ್ತಿದ್ದ ಶಹಜಾದಬಿಯನ್ನು ಅವ್ವ ಕೇಳಿದಳು. ಅವಳು ಅವ್ವನ ಕೈ ಹಿಂಡಿ ಬಳೆ ಏರಿಸುತ್ತಲೇ, “ಅದಾರಲ್ಲವ್ವಾ! ಎಂಬತ್ತ ದಾಟ್ಯಾರ. ಗರಡಿ ಮುಂದಿನ ಕಟ್ಟಿ ಮ್ಯಾಲ ಕುಂತು ಹೋಗಾವ್ರ ಬರಾವ್ರನ್ನ ಬೈತಾರ,” ಎಂದಳು.

ಮರುವಾರ ಅವ್ವ, “ತವರಿಗೆ ಹೋಗಿ ಬರತೀನ್ರಿ,” ಎಂದು ಅಪ್ಪನಿಗೆ ಹೇಳಿ ನನ್ನನ್ನು ಕರೆದುಕೊಂಡು ಹೊರಟಳು. ಅಥಣಿ ಕಡೆಯ ಬಸ್ಸು ಬಂತು, ಹೋಯಿತು. ನಾವು ರಾಯಬಾಗದ ಬಸ್ಸು ಹತ್ತಿ, ಅಲ್ಲಿಂದ ಚಿಕ್ಕೋಡಿಗೆ ಹೋದೆವು. ದಾರಿಯುದ್ದಕ್ಕೂ ಅವ್ವ ಸೆರಗು ಬಾಯಿಗೆ ಹಿಡಿದು ಕಿಸಿಕಿಸಿ ನಗುತ್ತಿದ್ದಳು. ಗಂಡನಿಗೆ ಅಷ್ಟು ದೊಡ್ಡ ಸುಳ್ಳು ಹೇಳಿದ್ದು ಅದೇ ಮೊದಲಂತೆ.

ಇಮಾಮಸಾಬ ವಸ್ತಾದರು ಶಹಜಾದಬಿ ಹೇಳಿದ ಕಟ್ಟೆಯ ಮೇಲೇ ಕೂತಿದ್ದರು. ಬಿಳಿ ಗಡ್ಡ, ಮುರಿದ ಕಿವಿ, ಒಣಕಲು ಮೈ, ಬೆನ್ನು ಮಾತ್ರ ನೆಟ್ಟಗೆ. ಅವ್ವ ಕಾಲು ಮುಟ್ಟಿ ನಮಸ್ಕಾರ ಮಾಡಿ, “ಪಾಲಬಾವಿ ರಾವಸಾಹೇಬರ ಮನಿಯಾಕಿರಿ ನಾ,” ಎಂದಳು.

ಅವರು, “ಆ ಓಡಿಹೋದಾಂವ? ಜಿಂದಾ ಅದಾನೇನು?” ಎಂದರು.

“ಈ ವರ್ಷದ ಮಟಾ ಅದಾರ್ರಿ. ಮುಂದಿಂದು ನೀವ ಹೇಳಬೇಕು,” ಎಂದು ಅವ್ವ ಎಲ್ಲವನ್ನೂ ಹೇಳಿದಳು. ಡಾಕ್ಟರ ಮಾತು, ಚರಗಿ ಹಾಲು, ಸೌಟು ತುಪ್ಪ, ಇಪ್ಪತ್ತು ಬದಾಮು.

“ಸಾಮು ಮಾಡ್ತಾನೇನು? ದಂಡ, ಬೈಠಕ?”

“ಇಲ್ರಿ.”

“ಎಂದಿನಿಂದ?”

“ಇಪ್ಪತ್ತ ವರ್ಷ ಆತ್ರಿ.”

ವಸ್ತಾದರು ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು. ಒಳಗಿನಿಂದ ಅವರ ಸೊಸೆ ಕುಲಸುಂಬಿ ನೀರು ಹಿಡಿದು ಓಡಿ ಬಂದಳು. ನೀರು ಕುಡಿದ ಮೇಲೆ ಅವರ ಕಣ್ಣಲ್ಲಿ ನಗುವಿರಲಿಲ್ಲ. “ಯಾ ಅಲ್ಲಾ, ಇದರಾಗ ನಂದೂ ತಪ್ಪೈತಿ. ಎತ್ತು ಕಟ್ಟಿ ಹಾಕಿದಾಂವ ನಾ, ಬಿಚ್ಚಾಕ ಮರತೆ,” ಎಂದರು. ಸಾಮು ಬಿಟ್ಟ ಹುಡುಗರ ಖುರಾಕನ್ನು ಅವರು ತಿಂಗಳು ತಿಂಗಳು ಇಳಿಸುತ್ತ ಬರುತ್ತಿದ್ದರಂತೆ. ಅಪ್ಪ ಕೈಗೇ ಸಿಗದೆ ಓಡಿದ್ದ. ಅವನೊಬ್ಬನದೇ ಉಳಿದುಬಿಟ್ಟಿತ್ತು.

ಆಮೇಲೆ ಅವರು ಅವ್ವನನ್ನು ದಿಟ್ಟಿಸಿ ನೋಡಿದರು. ಮೈ ನೋಡಿಯೇ ಮನುಷ್ಯನನ್ನು ಅಳೆದು ಬಾಳಿದವರು ಅವರು.

“ಬೇಟಿ, ನೀ ಏನು ತಿಂತೀದಿ?”

ಅವ್ವನಿಗೆ ಈ ಪ್ರಶ್ನೆ ಅರ್ಥವೇ ಆಗಲಿಲ್ಲ. ನನ್ನ ಮುಖ ನೋಡಿದಳು. “ನಾನ್ರಿ? ಎಲ್ಲಾರದೂ ಆದಮ್ಯಾಲ ಏನಿರತೈತೋ ಅದು.”

“ಇವತ್ತ ಮುಂಜಾನೆ ಏನ ತಿಂದಿ?”

“ಚಾ ಕುಡದೇನ್ರಿ.”

“ನಿನ್ನಿ ಸಂಜೀಕ?”

ಅವ್ವ ಯೋಚಿಸಿದಳು. ನೆನಪಾಗಲಿಲ್ಲ. ವಸ್ತಾದರು, “ಕೈ ತೋರಸು,” ಎಂದರು. ಅವಳು ಹೊಸ ಬಳೆಯ ಕೈ ಮುಂದೆ ಚಾಚಿದಳು. ಉಗುರುಗಳು ಸುಣ್ಣದ ಹಾಗೆ ಬೆಳ್ಳಗಿದ್ದವು. ಅವರು ನನ್ನ ಕೈಯನ್ನೂ ನೋಡಿದರು, ಅದೂ ಅಷ್ಟರಲ್ಲೇ ಇತ್ತು. “ಮನ್ಯಾಗ ಎರಡ ಎಮ್ಮಿ ಕಟ್ಟಿ ಮೈಯಾಗ ರಕ್ತ ಇಲ್ಲ ಇಬ್ಬರಿಗೂ. ಡಾಕ್ಟರ ಕಡೆ ಹೋದಾಗ ನಿಂದ ತೋರಸಲಿಲ್ಲೇನು?” ಎಂದು ಗದರಿಸಿದರು.

ಹದಿನೇಳು ವರ್ಷ ಅವ್ವನ ಕೈಯ ರೊಟ್ಟಿ ತಿಂದವಳು ನಾನು. ಆ ಉಗುರುಗಳನ್ನು ಒಂದು ದಿನವೂ ನೋಡಿರಲಿಲ್ಲ. ಅಪ್ಪನ ತಾಟನ್ನು ಎಮ್ಮೆಯ ಮುಂದೆ ಇಟ್ಟ ಸಿಟ್ಟೆಲ್ಲ ಅಂದು ನನ್ನ ಮೇಲೇ ತಿರುಗಿತು. ಕುಲಸುಂಬಿ ನಮ್ಮನ್ನು ಒಳಗೆ ಕರೆದು ಬಿಸಿ ರೊಟ್ಟಿ, ರಾಜಗಿರಿ ಪಲ್ಲೆ ಬಡಿಸಿದಳು. ಅವ್ವ ಬೇಡ ಬೇಡ ಎನ್ನುತ್ತಲೇ ಎರಡು ರೊಟ್ಟಿ ತಿಂದಳು.

ಹೊರಡುವಾಗ ವಸ್ತಾದರು ಹೇಳಿದರು: “ಅಂವಗ ಹೇಳು. ಇವತ್ತಿಂದ ಆ ಖುರಾಕು ಬಂದ್. ಹೊಸದು ಬೇಕಂದ್ರ ನನ್ನ ಮುಂದ ಬಂದು ನಿಂದರಬೇಕು. ನಾ ಮಂದಿ ಕೈಯಾಗ ಖುರಾಕು ಕೊಟ್ಟ ಕಳಸಾಂವ ಅಲ್ಲ.”

ಊರಿಗೆ ಬಂದು ಅವ್ವ ಅಪ್ಪನಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ತವರಿನ ಸುಳ್ಳನ್ನೂ ಒಪ್ಪಿಕೊಂಡಳು. ಅಪ್ಪ ಬೈಯಲಿಲ್ಲ. “ವಸ್ತಾದರು ಹ್ಯಾಂಗ ಅದಾರ?” ಎಂದು ಮಾತ್ರ ಕೇಳಿ, ಎದ್ದು ಹೊಲಕ್ಕೆ ಹೋದ.

ಮರುದಿನದಿಂದ ನಮ್ಮ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಅಪ್ಪ ಹಾಲು ಮುಟ್ಟಲಿಲ್ಲ, ಹುಕುಮು ಬಂದಿತ್ತಲ್ಲ. ಚಿಕ್ಕೋಡಿಗೂ ಹೋಗಲಿಲ್ಲ, ಮುಖ ಇರಲಿಲ್ಲವಲ್ಲ. ಹಳೆಯ ಖುರಾಕು ಹೋಯಿತು, ಹೊಸದು ಬರಲಿಲ್ಲ. ನಾವು ತಿನ್ನುವ ರೊಟ್ಟಿ ಮಜ್ಜಿಗೆಯನ್ನೇ ಅವನೂ ತಿಂದು, ದೊಡ್ಡ ಅನ್ಯಾಯವಾದವನಂತೆ ಮಾವಿನ ಮರದ ಕೆಳಗೆ ಕೂತ. ಹೀಗೆ ನಾಲ್ಕು ದಿನ. ಹಾಲು ಉಳಿದು, ಅವ್ವ ಹೆಪ್ಪು ಹಾಕಿದಳು. ನಮ್ಮ ಮನೆಯಲ್ಲಿ ಮೊಸರು ಗಟ್ಟಿಯಾಗಿ ಕಂಡದ್ದು ಆಗಲೇ.

ಐದನೆಯ ದಿನ ಅಪ್ಪ ಜಳಕ ಮಾಡಿ, ತೊಳೆದ ಧೋತರ ಉಟ್ಟು, ರುಮಾಲು ಸುತ್ತಿ ಅಂಗಳದಲ್ಲಿ ನಿಂತ. “ಏ, ನೀನೂ ಬಾ,” ಎಂದು ಅವ್ವನನ್ನು ಕರೆದ. “ನಾ ಒಬ್ಬಾಂವ ಹೋಗೂದಿಲ್ಲ.” ಆ ದೊಡ್ಡ ಮೈಯ ಮನುಷ್ಯ ಹೆದರಿದ್ದ. ಅವನನ್ನು ನೋಡಿ ನನಗೆ ನಗುವೂ ಬಂತು, ಪಾಪವೂ ಅನಿಸಿತು. ನಾನೂ ಹೊರಟೆ, ಬಿಟ್ಟೇನೇ?

ಚಿಕ್ಕೋಡಿಯ ಗರಡಿಯ ಮುಂದೆ ಬಂದು ಅಪ್ಪ ವಸ್ತಾದರ ಕಾಲಿಗೆ ಉದ್ದಕ್ಕೆ ಬಿದ್ದ. ಬಿದ್ದವನಿಗೆ ಏಳಲು ಆಗಲಿಲ್ಲ. ಅವ್ವ, ನಾನು, ಕುಲಸುಂಬಿ ಮೂವರೂ ಹಿಡಿದು ಎಬ್ಬಿಸಬೇಕಾಯಿತು. ವಸ್ತಾದರು ಅವನ ಹೊಟ್ಟೆಯನ್ನು ಎರಡು ಬೆರಳಿಂದ ಹಿಂಡಿ, “ಲೇ ರಾವ್ಯಾ, ಇದೇನ್ಲೇ? ನಾ ತಯಾರ ಮಾಡಿದ್ದು ಪೈಲ್ವಾನನ್ನ, ಬಂದದ್ದು ಹಿಟ್ಟಿನ ಚೀಲ,” ಎಂದರು.

ಅಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. “ಆವತ್ತ ಓಡಿ ಹೋದ್ನಿರಿ. ತಪ್ಪಾತ್ರಿ.”

“ಸೋತದ್ದಕ್ಕ ನಾ ಸಿಟ್ಟಾಗಿರಲಿಲ್ಲ. ಕಾಲು ನೋಡಿ ಎಣ್ಣಿ ತಿಕ್ಕಬೇಕಂತ ಬಾಟ್ಲಿ ಹಿಡಕೊಂಡ ನಿಂತಿದ್ದೆ ನಾ,” ಎಂದರು ವಸ್ತಾದರು. ಆಮೇಲೆ ಅವರು ಗೋಡೆಯ ಕಡೆ ಕೈ ಮಾಡಿ, “ಬೈಠಕ ಹೊಡಿ, ನೋಡೂಣು,” ಎಂದರು.

ಅಪ್ಪ ಗೋಡೆ ಹಿಡಿದು ಕೂತ, ಎದ್ದ. ಒಂದು. ಮತ್ತೆ ಕೂತ, ಎದ್ದ. ಮೂರನೆಯದಕ್ಕೆ ಉಸಿರು ಹತ್ತಿತು. “ಸಾಕ್ ಸಾಕ್, ಬಿಡು,” ಎಂದು ವಸ್ತಾದರೇ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. “ಮೂರ ಬೈಠಕಿಗೆ ಇಪ್ಪತ್ತ ಬದಾಮೇನ್ಲೇ?”

ಕುಲಸುಂಬಿ ನಕ್ಕಳು. ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಅಪ್ಪನೂ ನಕ್ಕ.

ಹೊಸ ಖುರಾಕು ಹೇಳುವಾಗ ಮಾತ್ರ ವಸ್ತಾದರು ನಗಲಿಲ್ಲ. ಮುಂಜಾನೆ ಒಂದು ಹಿಡಿ ನೆನೆಸಿದ ಕಡಲೆ, ಅದಕ್ಕೊಂದಿಷ್ಟು ನಿಂಬೆಹುಳಿ. ಒಂದು ಬಟ್ಟಲು ಹಾಲು, ಕೆನೆ ತೆಗೆದದ್ದು. ಎರಡು ಹೊತ್ತು ಜೋಳದ ರೊಟ್ಟಿ, ಒಂದು ಕಾಳಿನ ಪಲ್ಲೆ, ಒಂದು ಸೊಪ್ಪಿನ ಪಲ್ಲೆ. ತುಪ್ಪ ಹಬ್ಬಕ್ಕೆ. ಡಾಕ್ಟರ ಗುಳಿಗೆ ತಪ್ಪಿಸಬಾರದು. ಕಾಲುವೆಯ ದಾರಿಯಲ್ಲಿ ಬಿಸಿಲೇರುವ ಮುಂಚೆ ನಡೆಯಬೇಕು, ಉಸಿರು ಹತ್ತಿದರೆ ಕೂರಬೇಕು.

“ಈ ಖುರಾಕು ನಿಮ್ಮ ಮೂರೂ ಮಂದಿದು. ಇಕಿಗೂ ಹುಡಿಗಿಗೂ ಪಲ್ಲೆ ಒಂದ ಪಾಲು ಜಾಸ್ತಿ, ರಕ್ತದ ಗುಳಿಗಿ ಬ್ಯಾರೆ,” ಎಂದು ಅವ್ವನ ಕಡೆ ಬೆರಳು ಮಾಡಿದರು. “ಮತ್ತ ಕೇಳ್ಲೇ. ಕೂಡೇ ಕುಂತ ಉಣ್ಣಬೇಕು. ಇಕಿ ಮೊದಲನೇ ತುತ್ತ ಎತ್ತೂಮಟಾ ನೀ ಎತ್ತಬ್ಯಾಡ. ಇದು ನನ್ನ ಹುಕುಮು.”

“ಹೌದ್ರಿ ವಸ್ತಾದರ,” ಎಂದ ಅಪ್ಪ.

ಬರುವಾಗ ರಾಯಬಾಗದಲ್ಲಿ ಇಳಿದು ಅವ್ವನ ರಕ್ತ ತೋರಿಸಿದೆವು. ಹಿಮೋಗ್ಲೋಬಿನ್ ಏಳಕ್ಕೂ ಸ್ವಲ್ಪ ಕಡಿಮೆ ಇತ್ತು. ಹನ್ನೆರಡು ಇರಬೇಕಾದದ್ದು. ಆ ಡಾಕ್ಟರು ಅಪ್ಪನನ್ನು ಬೈದದ್ದಕ್ಕಿಂತ ಎರಡು ಪಟ್ಟು ಅವ್ವನನ್ನು ಬೈದರು. ಅಪ್ಪ ಹೊರಗೆ ಬಂದು, “ಇಷ್ಟ ದಿನ ಎಮ್ಮಿ ಹಿಂಡ್ಯಾಕಿ, ಹಿಂಡಿ ಚೀಲ ಹೊತ್ತಾಕಿ ಇಕಿ, ಇಷ್ಟ ರಕ್ತದಾಗ ಹ್ಯಾಂಗ ಮಾಡಿದಳು?” ಎಂದು ನನ್ನನ್ನು ಕೇಳಿದ.

ಅಪ್ಪನ ಕಡೆಯಿಂದ ಹುಕುಮು ಪಾಲಿಸುವುದರಲ್ಲಿ ಕೊರತೆ ಇರಲಿಲ್ಲ. ತೊಂದರೆ ಬಂದದ್ದು ಅವ್ವನಿಂದ. ಅಪ್ಪ ತಾಟಿನ ಮುಂದೆ ಕೈಕಟ್ಟಿ ಕೂರುವನು. ಅವ್ವ ಒಲೆ ಬಿಟ್ಟು ಏಳಳು. “ನಾ ಕುಂತರ ಬಿಸಿ ರೊಟ್ಟಿ ಯಾರ ಬಡೀಬೇಕ್ರಿ? ನೀವು ಉಣ್ಣರಿ, ನಾ ಆಮ್ಯಾಲ ಉಣತೀನಿ.” ಅಪ್ಪ ಅಲ್ಲಾಡನು. ರೊಟ್ಟಿ ಆರಿ ಹೋಗುವುದು, ಪಲ್ಲೆ ತಣ್ಣಗಾಗುವುದು. ಅವ್ವ ಗಾಬರಿಯಾಗಿ ಒಂದು ತುತ್ತು ಬಾಯಿಗೆ ಹಾಕಿಕೊಂಡು ಮತ್ತೆ ಒಲೆಗೆ ಓಡುವಳು. ಹುಕುಮು ಪಾಲಿಸಿದ ಹಾಗೂ ಆಯಿತು, ತಪ್ಪಿಸಿದ ಹಾಗೂ ಆಯಿತು. ಗಂಡ ಹೆಂಡತಿ ಜಗಳ ಆಡಿ ಊಟ ಬಿಟ್ಟಿದ್ದಾರೆ ಎಂದು ಪಕ್ಕದ ಮನೆಯ ತುಳಸವ್ವ ಸಮಾಧಾನ ಹೇಳಲೂ ಬಂದಳು. ನಾನು ಬಡಿಯುತ್ತೇನೆ ಎಂದರೆ, ನನ್ನ ರೊಟ್ಟಿ ನೋಡಿ ಅವ್ವ ಇನ್ನಷ್ಟು ನಕ್ಕಳು. ಅದು ಮಹಾರಾಷ್ಟ್ರದ ನಕಾಶೆಯ ಹಾಗಿರುತ್ತಿತ್ತು.

ಹದಿನೈದು ದಿನ ಹೀಗೆ ಒದ್ದಾಡಿದ ಮೇಲೆ ಅವ್ವನೇ ದಾರಿ ಹುಡುಕಿದಳು. ಒಂದು ದಿನ ಬೆಳಿಗ್ಗೆ ತುಳಸವ್ವನನ್ನು ಕರೆದುಕೊಂಡು ಒಲೆಯ ಮುಂದೆ ಕೂತು, ತಾಟಿನ ಅಗಲಕ್ಕೆ ತೆಳ್ಳಗೆ ಅರವತ್ತು ರೊಟ್ಟಿ ಬಡಿದಳು. ಬೇಯಿಸಿದ ರೊಟ್ಟಿಗಳನ್ನು ಒಲೆಯ ಸುತ್ತ ನಿಲ್ಲಿಸಿ, ಕಾವಿಗೆ ಒಣಗಿಸಿ, ಮುರಿದರೆ ಲಟ್ ಎನ್ನುವ ಹಾಗೆ ಖಡಕ್ ಮಾಡಿದಳು. ಬುಟ್ಟಿಯಲ್ಲಿ ಪೇರಿಸಿ ಮೇಲೆ ಬಿಳಿ ಬಟ್ಟೆ ಮುಚ್ಚಿದಳು. ಖಡಕ್ ರೊಟ್ಟಿ ನಮ್ಮ ಕಡೆ ಯಾರಿಗೂ ಹೊಸದಲ್ಲ, ಪ್ರಯಾಣಕ್ಕೆ, ಕಬ್ಬು ಕಡಿಯುವ ದಿನಗಳಿಗೆ ಎಲ್ಲರೂ ಮಾಡುತ್ತಾರೆ. ದಿನದ ಊಟಕ್ಕೇ ಅದನ್ನು ಮಾಡಿಟ್ಟು, ಹೊತ್ತಿಗೆ ಸರಿಯಾಗಿ ಒಲೆ ಬಿಟ್ಟು ಏಳಬಹುದು ಎಂದು ಹೊಳೆದದ್ದು ಅವ್ವನಿಗೆ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ವರ್ಷದಲ್ಲಿ ಅಪ್ಪ ಹದಿನಾಲ್ಕು ಕಿಲೋ ಇಳಿದ. ಡಾಕ್ಟರು ಕೊಟ್ಟ ಗಡುವು ದಾಟಿ, ತೊಂಬತ್ತನೆಯ ಇಸವಿಯಲ್ಲಿ ನನ್ನ ಮದುವೆಯಲ್ಲಿ ತಾನೇ ಓಡಾಡಿ ಬಡಿಸಿದ. ಅವ್ವನ ರಕ್ತ ಹನ್ನೊಂದೂವರೆಗೆ ಬಂತು. ಎಮ್ಮೆ ಹಿಂಡಿ ಏಳುವಾಗ ಕಣ್ಣಿಗೆ ಕತ್ತಲೆ ಬರುವುದು ಅವಳಿಗೆ ದಿನದ ಮಾತಾಗಿತ್ತಂತೆ, ಅದು ನಿಂತ ಮೇಲೆ ನಮಗೆ ಹೇಳಿದಳು. ಕಾಲುವೆಯ ದಂಡೆಗೆ ಮೆಂತ್ಯ, ರಾಜಗಿರಿ, ಮೂಲಂಗಿ ಬಿತ್ತಿ ಓಣಿಗೆಲ್ಲ ಹಂಚಿದಳು. ಇಮಾಮಸಾಬ ವಸ್ತಾದರು ಇರುವವರೆಗೆ ಅಪ್ಪ ಅಮಾವಾಸ್ಯೆಗೊಮ್ಮೆ ಚಿಕ್ಕೋಡಿಗೆ ಹೋಗಿ ಹೊಟ್ಟೆ ತೋರಿಸಿ ಬಂದ.

ಆದರೆ ಅವ್ವ ಎಂದರೆ ನನಗೆ ನೆನಪಾಗುವುದು ಆ ಖಡಕ್ ರೊಟ್ಟಿಯ ಮೊದಲ ಮಧ್ಯಾಹ್ನ. ಪಡಸಾಲೆಯಲ್ಲಿ ಮೂರು ತಾಟು ಹಾಕಿದ್ದೆವು. ನಡುವೆ ರೊಟ್ಟಿಯ ಬುಟ್ಟಿ, ಮೊಳಕೆ ಬಂದ ಮಡಕಿ ಕಾಳಿನ ಪಲ್ಲೆ, ಹಸಿ ಮೆಂತ್ಯದ ತಪ್ಪಲು, ಉಳ್ಳಾಗಡ್ಡಿ, ಅಗಸಿ ಚಟ್ನಿ, ಮೊಸರು. ಒಲೆ ಆರಿತ್ತು. ಏಳಲು ಅವ್ವನಿಗೆ ಒಂದೂ ನೆಪ ಉಳಿದಿರಲಿಲ್ಲ. ಬಂದು ಕೂತಳು, ಬೀಗರ ಮನೆಯಲ್ಲಿ ಕೂತವಳ ಹಾಗೆ ಮುದುಡಿಕೊಂಡು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ಸರಿಮಾಡಿಕೊಂಡಳು.

“ಉಣ್ಣು,” ಎಂದ ಅಪ್ಪ. “ನೀ ಉಣ್ಣೂಮಟಾ ನನಗ ಹುಕುಮಿಲ್ಲ.”

ಅವಳು ರೊಟ್ಟಿ ಮುರಿದು ಪಲ್ಲೆ ಹಚ್ಚಿ ಬಾಯಿಗಿಟ್ಟಳು. ಆಮೇಲೆ ಅಪ್ಪ ತುತ್ತು ಎತ್ತಿದ. ಸ್ವಲ್ಪ ಹೊತ್ತು ಲಟ್ ಲಟ್ ಎನ್ನುವ ಸಪ್ಪಳ ಬಿಟ್ಟರೆ ಬೇರೇನೂ ಇಲ್ಲ. ಅವ್ವ ಒಂದು ರೊಟ್ಟಿ ಮುಗಿಸಿದಳು, ಎರಡು ಮುಗಿಸಿದಳು. ಯಾರೂ ಬಡಿಸದೆಯೇ ಮೂರನೆಯದಕ್ಕೆ ತಾನೇ ಬುಟ್ಟಿಗೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಅಪ್ಪನ ಮುಖ ನೋಡಿ ನಾಚಿಕೊಂಡು ನಕ್ಕಳು.

“ನನಗ ಈ ಹೊತ್ತಿಗೆ ಇಷ್ಟ ಹಸಿವಿ ಆಗಿರತೈತಿ ಅಂತ ನನಗ ಗೊತ್ತ ಇರಲಿಲ್ಲ ನೋಡ್ರಿ,” ಎಂದಳು.

ಅಪ್ಪ ತಲೆ ತಗ್ಗಿಸಿದ. ಪಲ್ಲೆಯ ಬೋಗುಣಿಯನ್ನು ಅವಳ ತಾಟಿನ ಹತ್ತಿರಕ್ಕೆ ಸರಿಸಿ, ಅವಳು ಹಾಕಿಕೊಳ್ಳಲಿ ಎಂದು ಕಾಯುತ್ತ ಕೂತ.